ಪೈಲ್ವಾನನ ಕಿವಿಗೆ ಆಗುವುದೇನು?

ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಆದಾಗ ಬಯಲು ಕುಸ್ತಿ ನಡೆಯುತ್ತದೆ. ಅಲ್ಲಿ ಹಳೇ ಪೈಲ್ವಾನರನ್ನು ಗುರುತಿಸಲು ಕಿವಿ ನೋಡಿದರೆ ಸಾಕು: ಮಡಿಕೆಗಳೆಲ್ಲ ತುಂಬಿ, ಗಂಟು ಕಟ್ಟಿ ಮುದುಡಿರುತ್ತದೆ. ರಗ್ಬಿ ಆಟಗಾರರಿಗೂ ಇದೇ ಕಿವಿ. ಸ್ಕ್ರಮ್‌ನಲ್ಲಿ ತಂಡಕ್ಕೆ ಎಂಟು ಜನ ಒತ್ತೊತ್ತಿ ತಳ್ಳುವಾಗ, ಎರಡನೇ ಸಾಲಿನವರ ತಲೆ ಮುಂದಿನವರ ಸೊಂಟಗಳ ನಡುವೆ ಸಿಕ್ಕಿ ಉಜ್ಜುತ್ತದೆ.

‘ಕಿವಿ ಮುರಿದಿದೆ’ ಅನ್ನುತ್ತೇವೆ. ನಿಜವಾಗಿ ಅದು ಉಪವಾಸ ಬಿದ್ದಿರುತ್ತದೆ. ಕಿವಿಗೆ ಆಕಾರ ಕೊಡುವ, ಬಾಗುವ ಮೆದು ಎಲುಬಿನಂಥ ಮೃದ್ವಸ್ಥಿಯೊಳಗೆ ರಕ್ತನಾಳಗಳಿಲ್ಲ. ಸ್ವಂತ ಬೋರ್‌ವೆಲ್ ಇಲ್ಲದೆ ಭದ್ರಾ ನಾಲೆಯನ್ನೇ ನಂಬಿದ ಕೊನೆ ಭಾಗದ ಗದ್ದೆಯಂತೆ, ಮೇಲೆ ಅಂಟಿಕೊಂಡ ಪೆರಿಕಾಂಡ್ರಿಯಂ ಎಂಬ ತೆಳು ಪೊರೆಯಿಂದ ಜಿನುಗಿದ್ದೇ ಅದಕ್ಕೆ ಆಹಾರ. ಈ ಪೊರೆಯನ್ನು ಎಬ್ಬಿಸುವುದರಲ್ಲಿ ಅಡ್ಡ ಉಜ್ಜುವಿಕೆಯ ಪಾಲು ದೊಡ್ಡದು. ಕಾವಲಿಗೆ ಕಚ್ಚಿದ ದೋಸೆಯನ್ನು ಮೇಲಿಂದ ಎಷ್ಟು ಒತ್ತಿದರೂ ಏಳದು, ಮಗುಚುವ ಕೈಯನ್ನು ಅಡ್ಡ ತೂರಿಸಿದರೆ ಏಳುತ್ತದೆ. ಕಿವಿಯ ಮುಂಭಾಗದಲ್ಲಿ ಚರ್ಮದ ಕೆಳಗೆ ಕೊಬ್ಬಿನ ಮೆತ್ತೆ ಇಲ್ಲದ ಕಾರಣ ಚರ್ಮ ಜಾರಿದರೆ ಪೊರೆಯೂ ಜೊತೆಗೇ ಜಾರುತ್ತದೆ. ಎದ್ದ ಜಾಗದಲ್ಲಿ ರಕ್ತ ತುಂಬುತ್ತದೆ. ನಾಲೆಗೂ ಗದ್ದೆಗೂ ನಡುವೆ ಕೆರೆ ನಿಂತಂತೆ! ಮೃದ್ವಸ್ಥಿ ಸಾಯತೊಡಗುತ್ತದೆ; ಪೊರೆ ಮಾತ್ರ ಸುಮ್ಮನಿರದೆ ಹೆಪ್ಪಿನ ಮೇಲೆಯೇ ಹೊಸ ಮೃದ್ವಸ್ಥಿ ಕಟ್ಟುತ್ತದೆ, ಅಂಕುಡೊಂಕಾಗಿ.

1885ರಲ್ಲಿ ರೋಮಿನ ಕ್ವಿರಿನಾಲ್ ಗುಡ್ಡದಲ್ಲಿ ಅಗೆದಾಗ ಸಿಕ್ಕ ಪ್ರಾಚೀನ ಗ್ರೀಕ್ ಕಂಚಿನ ಬಾಕ್ಸರನಿಗೂ ಊದಿದ ಕಿವಿಗಳಿವೆ. ಗಾಯದ ರಕ್ತ ಕಾಣಲೆಂದು ಶಿಲ್ಪಿ ತಾಮ್ರ ಕೂರಿಸಿದ್ದಾನೆ. ಅಷ್ಟು ಹಳೆಯ ಗಾಯವನ್ನು ಇವತ್ತಿಗೂ ಬಿರುದೆಂದು ಬಿಡುವುದು ಸಂಕಟದ ಸಂಗತಿ, ಏಕೆಂದರೆ ಬೇಗ ವೈದ್ಯರ ಬಳಿ ಹೋದರೆ ಕಿವಿ ಉಳಿಯುತ್ತದೆ.

ಮುಟ್ಟಿದರೆ ನೀರು ತುಂಬಿದ ಚೀಲದಂತೆ ಮೆತ್ತಗಿದ್ದರೆ ಅದು ರಕ್ತವೇ. ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಎರಡು-ಮೂರು ದಿನದೊಳಗೆ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಬೇಕು. ವಾರ ಕಳೆದರೆ ಗಟ್ಟಿಯಾಗಿ ಸೂಜಿಗೆ ಬರುವುದಿಲ್ಲ. ಸಣ್ಣದಾದರೆ ಸೂಜಿಯಿಂದ ಎಳೆಯುತ್ತಾರೆ, ದೊಡ್ಡದಾದರೆ ಸಣ್ಣ ಕೊಯ್ತ. ಎಡವುವುದು ಆಮೇಲೆ. ಖಾಲಿಯಾದ ಜಾಗ ಮತ್ತೆ ತುಂಬದಂತೆ ಕಿವಿಯ ಹಿಂದೆ-ಮುಂದೆ ಹತ್ತಿಯ ಸುರುಳಿ ಇಟ್ಟು, ಆರಪಾರ ಹೊಲಿದು, ಸುಮಾರು ಒಂದು ವಾರ ಬಿಡಬೇಕು. ಮಾರನೇ ದಿನವೇ ಅಖಾಡಕ್ಕಿಳಿದರೆ ಪೊರೆ ಮತ್ತೆ ಏಳುತ್ತದೆ. ಮೊದಲ ದಿನಗಳಲ್ಲಿ ಬಿಸಿ ಎಣ್ಣೆಯ ಶಾಖ ಕೊಟ್ಟರೆ ರಕ್ತಸ್ರಾವ ಹೆಚ್ಚುತ್ತದೆ. ಗರಡಿಯಲ್ಲೇ ಯಾವುದೋ ಸೂಜಿ ಚುಚ್ಚಿದರೆ ಸೋಂಕು ಹತ್ತಿ ಉಳಿದ ಮೃದ್ವಸ್ಥಿಯೂ ಕೊಳೆಯಬಹುದು.

ತಡೆಯುವುದು ಇದಕ್ಕಿಂತ ಸುಲಭ. ಕುಸ್ತಿಗೆ ಕಿವಿ ಮುಚ್ಚುವ ಗಟ್ಟಿ ಬಟ್ಟಲಿನ ಪಟ್ಟಿ ಸಿಗುತ್ತದೆ, ಅಭ್ಯಾಸದಲ್ಲೂ ಹಾಕಬೇಕು. ರಗ್ಬಿಯ ಸ್ಕ್ರಮ್ ಟೋಪಿಯ ಫೋಮ್ ನಿಯಮದಂತೆ ಸಾಮಾನ್ಯವಾಗಿ 10 ಮಿಲಿಮೀಟರ್ ಮೀರುವಂತಿಲ್ಲ. ಅದು ಉಜ್ಜುವಿಕೆ ತಡೆಯುತ್ತದೆ. ತಲೆಬುರುಡೆಯೊಳಗೆ ಮಿದುಳು ಅಲುಗಾಡುವುದನ್ನು ತಡೆಯುವುದಿಲ್ಲ. ಪೆಟ್ಟು ಬಿದ್ದು ತಲೆ ಸುತ್ತಿದವನನ್ನು, ಮಂಕಾದವನನ್ನು, ಟೋಪಿ ಹಾಕಿದ್ದರೂ ಆ ದಿನ ಮತ್ತೆ ಆಟಕ್ಕೆ ಇಳಿಸಕೂಡದು.