ಓಝೋನ್ ತೂತಿಗೂ ಸೆಕೆಗೂ ಏನು ಸಂಬಂಧ?

ಪ್ರಶ್ನೆ: ಓಝೋನ್ ಪದರದಲ್ಲಿ ತೂತು ಬಿದ್ದು ಬಿಸಿಲು ಜಾಸ್ತಿ ಒಳಗೆ ಬರುತ್ತಿದೆ. ಭೂಮಿ ಬಿಸಿಯಾಗುತ್ತಿರುವುದು ಅದರಿಂದಲೇ ಅಲ್ವಾ ಸರ್?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮದುವೆ ಊಟದ ಪಂಕ್ತಿಯಲ್ಲಿ ಎಲೆಗೆ ಪಾಯಸ ಬೀಳುವ ಹೊತ್ತಿಗೆ ಪಕ್ಕದವರು ಕೇಳಿದ್ದಾರೆ. ಮೇಷ್ಟ್ರಾಗಿದ್ದಾಗ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆಗಳಲ್ಲಿ ಇದೇ ವಾಕ್ಯಕ್ಕೆ ಗೆರೆ ಎಳೆದು ಎಷ್ಟು ಕೆಂಪು ರೀಫಿಲ್ ಮುಗಿಸಿದೆನೋ ಲೆಕ್ಕವಿಲ್ಲ. "ಓಝೋನ್ ರಂಧ್ರದಿಂದ ಜಾಗತಿಕ ತಾಪಮಾನ ಉಂಟಾಗುತ್ತದೆ" ಎಂದು ಬರೆಯುತ್ತಿದ್ದರು. ತಾಪಮಾನ ಉಂಟಾಗುವುದಿಲ್ಲ ಮಾರಾಯ, ಅದು ಏರುತ್ತದೆ ಇಲ್ಲವೇ ಇಳಿಯುತ್ತದೆ. ಅದು ಬೇರೆ ಜಗಳ, ಇರಲಿ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ ಅದರ ಚಿತ್ರ ತುಂಬಾ ಸುಲಭ. ಹೆಂಚಿನ ಮನೆಯಲ್ಲಿ ಒಂದು ಹೆಂಚು ಒಡೆದರೆ ಬಿಸಿಲು ನೇರ ನಡುಮನೆಗೆ ಬೀಳುತ್ತದೆ. ನಾವು ಆ ಒಡೆದ ಹೆಂಚನ್ನೇ ಆಕಾಶಕ್ಕೆ ಏರಿಸಿಬಿಟ್ಟಿದ್ದೇವೆ.

ಮೊದಲನೆಯದಾಗಿ, ಅದು ತೂತೇ ಅಲ್ಲ. ನಮ್ಮ ತಲೆಯ ಮೇಲಿರುವ ಓಝೋನ್ ಅನಿಲವನ್ನೆಲ್ಲ ನೆಲಕ್ಕಿಳಿಸಿ ಒತ್ತಿದರೆ ಸುಮಾರು 3 ಮಿಲಿಮೀಟರ್ ದಪ್ಪ ಆಗುತ್ತದೆ, ಚಕ್ಕುಲಿಯಷ್ಟೂ ಇಲ್ಲ. ಅಂಟಾರ್ಕ್ಟಿಕಾದ ಮೇಲೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಇದು ಅರ್ಧಕ್ಕಿಂತಲೂ ತೆಳ್ಳಗಾಗುತ್ತದೆ. 1985ರಲ್ಲಿ ಬ್ರಿಟನ್ನಿನ ಮೂವರು ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ತೆಳ್ಳಗಾದ ಕಡೆ ಒಳಗೆ ನುಗ್ಗುವುದು ನೇರಳಾತೀತ ಕಿರಣ. ಅದರಿಂದ ಚರ್ಮಕ್ಕೆ, ಕಣ್ಣಿಗೆ ಹಾನಿ. ಆದರೆ ಸೂರ್ಯನಿಂದ ಬರುವ ಒಟ್ಟು ಶಕ್ತಿಯಲ್ಲಿ ಓಝೋನ್ ತಡೆಯುವ ಈ ಪಾಲು ತೀರಾ ಸಣ್ಣದು. ನಮ್ಮ ಬೆನ್ನು ಸುಡುವ ಬಿಸಿಲಿನ ಬಹುಪಾಲು ಕಣ್ಣಿಗೆ ಕಾಣುವ ಬೆಳಕು ಮತ್ತು ಅವಕೆಂಪು ಕಿರಣ. ಅದನ್ನು ಓಝೋನ್ ಮೊದಲೂ ಹೆಚ್ಚೇನೂ ತಡೆಯುತ್ತಿರಲಿಲ್ಲ.

ಎರಡನೆಯದು, ಬಿಸಿಯಾಗುತ್ತಿರುವ ಜಾಗ ನೋಡಿ. ತೂತಿರುವುದು ದಕ್ಷಿಣ ಧ್ರುವದ ಮೇಲೆ. ಜಗತ್ತಿನಲ್ಲಿ ಅತಿ ಬೇಗ ಬಿಸಿಯಾಗುತ್ತಿರುವುದು ಉತ್ತರ ಧ್ರುವದ ಕಡೆ. ಅದೂ ಹೆಚ್ಚಾಗಿ, ವಾರಗಟ್ಟಲೆ ತಿಂಗಳುಗಟ್ಟಲೆ ಸೂರ್ಯನೇ ಹುಟ್ಟದ ಚಳಿಗಾಲದಲ್ಲಿ. ನಮ್ಮಂಥ ಕಡೆಗಳನ್ನೂ ಸೇರಿಸಿ ನೋಡಿದರೆ, ಕಳೆದ ಶತಮಾನದ ಮಧ್ಯಭಾಗದಿಂದ ಈಚೆಗೆ ನೆಲದ ಮೇಲೆ ಹಗಲಿನ ಗರಿಷ್ಠಕ್ಕಿಂತ ರಾತ್ರಿಯ ಕನಿಷ್ಠ ಉಷ್ಣಾಂಶವೇ ಜಾಸ್ತಿ ಏರಿದೆ. ರಾತ್ರಿ ಹೊತ್ತು ಯಾವ ತೂತಿನಿಂದ ಯಾವ ಬಿಸಿಲು ಬರುತ್ತದೆ ಹೇಳಿ?

ಮೂರನೆಯದು ನನಗೆ ಇಷ್ಟವಾದದ್ದು. ಓಝೋನ್ ಕೂಡ ಒಂದು ಹಸಿರುಮನೆ ಅನಿಲ. ಅಂದರೆ ಶಾಖ ಹೊರಗೆ ಹೋಗದಂತೆ ಹಿಡಿದಿಡುವ ಭೂಮಿಯ ಕಂಬಳಿಯಲ್ಲಿ ಅದರದ್ದೂ ಒಂದೆಳೆ ಇದೆ. ಕಂಬಳಿ ತೂತಾದರೆ ಸೆಕೆಯಾಗುತ್ತದೋ ಚಳಿಯಾಗುತ್ತದೋ? ಲೆಕ್ಕ ಹಾಕಿದವರು ಹೇಳುವುದೂ ಅದನ್ನೇ. ಮೇಲಿನ ಓಝೋನ್ ಕರಗಿದ್ದರಿಂದ ಭೂಮಿಗೆ ಆಗಿದ್ದು ಒಂಚೂರು ತಂಪು.

ಇನ್ನು ಓಝೋನ್ ತಿನ್ನುವ ಅನಿಲಗಳನ್ನು ನಿಲ್ಲಿಸಲು ದೇಶಗಳು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಆದರೂ ಅಳತೆ ಇಡಲು ಶುರುಮಾಡಿದ ಮೇಲೆ ಅತಿ ಬಿಸಿಯಾದ ವರ್ಷ 2024. ಸಾಕಲ್ವಾ?

ಹಾಗಾದರೆ ಬಿಸಿ ಎಲ್ಲಿಂದ? ಅದನ್ನು ನೀವೇ ಅನುಭವಿಸಿದ್ದೀರಿ. ಡಿಸೆಂಬರಿನಲ್ಲಿ ನಕ್ಷತ್ರ ಕಾಣುವ ರಾತ್ರಿ ಚಳಿ ಕೊರೆಯುತ್ತದೆ, ಮೋಡ ಮುಚ್ಚಿದ ರಾತ್ರಿ ಅಷ್ಟು ಚಳಿಯಿಲ್ಲ. ಹಗಲು ಕಾದ ನೆಲ ಅವಕೆಂಪು ಕಿರಣಗಳ ರೂಪದಲ್ಲಿ ಶಾಖ ಬಿಡುತ್ತದೆ. ಮೋಡ ಅದನ್ನು ಹಿಡಿದು ಒಂದಿಷ್ಟು ಕೆಳಗೇ ಕಳಿಸುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಮಾಡುವುದೂ ಇದೇ ಕೆಲಸ. ಗಾಳಿಯ ಬಹುಪಾಲು ತುಂಬಿರುವ ನೈಟ್ರೋಜನ್ನಿಗೂ ಆಕ್ಸಿಜನ್ನಿಗೂ ಇದು ಬರುವುದಿಲ್ಲ. ಈ ಕಂಬಳಿ ಇಲ್ಲದಿದ್ದರೆ ಭೂಮಿಯ ಸರಾಸರಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಇರುವುದರಿಂದ ಸುಮಾರು 15 ಡಿಗ್ರಿ. ಅಲ್ಲಿಗೆ ಹಸಿರುಮನೆ ಪರಿಣಾಮ ನಮ್ಮ ಅನ್ನದಾತ. ತೊಂದರೆ ಇರುವುದು ನಾವು ಕಲ್ಲಿದ್ದಲು, ಪೆಟ್ರೋಲ್ ಸುಟ್ಟು ಸೇರಿಸಿದ ಹೆಚ್ಚುವರಿಯಲ್ಲಿ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ 280 ಇತ್ತು. ಈಗ 420 ದಾಟಿದೆ. ವೈಶಾಖದಲ್ಲಿ ಇನ್ನೊಂದು ಕಂಬಳಿ ಹೊದ್ದ ಹಾಗೆ.

ಓಝೋನಿಗೂ ಸೆಕೆಗೂ ನಂಟೇ ಇಲ್ಲ ಅಂದರೆ ಅದೂ ಸುಳ್ಳಾಗುತ್ತದೆ. ಓಝೋನನ್ನು ತಿಂದ ಕಳ್ಳ ಹಳೆ ಫ್ರಿಜ್‌ಗಳಲ್ಲಿದ್ದ ಸಿಎಫ್‌ಸಿ, ಅಂದರೆ ಕ್ಲೋರೋಫ್ಲೋರೋಕಾರ್ಬನ್ ಎಂಬ ಗ್ಯಾಸ್. ಅದೇ ಸಿಎಫ್‌ಸಿ ಭಾರೀ ಹಸಿರುಮನೆ ಅನಿಲವೂ ಹೌದು ಎಂದು 1975ರಲ್ಲಿ ತೋರಿಸಿಕೊಟ್ಟವರು ಹವಾಮಾನ ವಿಜ್ಞಾನಿ ವಿ. ರಾಮನಾಥನ್. ಮದುರೆಯವರು, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಅದಕ್ಕೂ ಮುಂಚೆ ಸಿಕಂದರಾಬಾದಿನ ಒಂದು ಕಾರ್ಖಾನೆಯಲ್ಲಿ ಫ್ರಿಜ್ ಗ್ಯಾಸ್ ಯಾಕೆ ಸೋರುತ್ತದೆ ಎಂದು ಹುಡುಕುವುದೇ ಅವರ ಕೆಲಸವಾಗಿತ್ತು. ಒಬ್ಬನೇ ಕಳ್ಳ ಎರಡು ಮನೆಗೆ ಕನ್ನ ಹಾಕಿದ್ದಾನೆ. ಜನ ಎರಡೂ ಕಳ್ಳತನವನ್ನು ಒಂದೇ ಎಂದುಕೊಂಡರು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಈಗಿನ ಎಸಿಗಳಲ್ಲಿರುವ ಆರ್-32 ಎಂಬ ತಂಪು ಮಾಡುವ ಗ್ಯಾಸ್ ಓಝೋನಿಗೆ ಏನೂ ಮಾಡುವುದಿಲ್ಲ. ಆದರೆ ಒಂದು ಕಿಲೋ ಗಾಳಿಗೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಹೆಚ್ಚುಕಡಿಮೆ 300 ಲೀಟರ್ ಪೆಟ್ರೋಲ್ ಸುಟ್ಟಷ್ಟು ಬಿಸಿ. "ಗ್ಯಾಸ್ ಖಾಲಿಯಾಗಿದೆ ಸಾರ್, ತುಂಬಿಸಬೇಕು" ಎನ್ನುತ್ತಾರಲ್ಲ, ಎಸಿ ಗ್ಯಾಸ್ ಅಡುಗೆ ಸಿಲಿಂಡರಿನ ಹಾಗೆ ಉರಿದು ಖಾಲಿಯಾಗುವುದಲ್ಲ. ಮುಚ್ಚಿದ ಪೈಪಿನೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ಇಷ್ಟೆಲ್ಲ ಗೊತ್ತಿದ್ದ ನಾನೇ ಎರಡು ಬೇಸಿಗೆ ಸುಮ್ನೆ ದುಡ್ಡು ಕೊಟ್ಟು ತುಂಬಿಸಿಕೊಂಡೆ. ಮೂರನೇ ವರ್ಷ ಬೇರೆ ಹುಡುಗ ಬಂದ. ಹೊರಗಿನ ಪೆಟ್ಟಿಗೆಯ ತಾಮ್ರದ ಪೈಪಿನ ನಟ್ಟಿಗೆ ಸೋಪಿನ ನೊರೆ ಹಚ್ಚಿದ. ಗುಳುಗುಳು ಗುಳ್ಳೆ ಬಂತು.