ಟಪ್ ಅಂದರೇ ಏಟು

ರೀಲ್ಸ್ ಎಡಿಟಿಂಗ್ ಕಲಿಸುವವರ ಬಾಯಲ್ಲಿ ಒಂದು ಉಪದೇಶ ತಪ್ಪುವುದಿಲ್ಲ: ಕಾಮಿಡಿ ಬಂತೋ, ಸೌಂಡ್ ಎಫೆಕ್ಟ್ ಜೋರಾಗಿ ಹಾಕಿ, ಜನ ನಗುತ್ತಾರೆ. ಖಾರ ಸುರಿದಷ್ಟೂ ಸಾರು ರುಚಿ ಎಂದು ನಂಬಿದ ಅಡುಗೆಯವರ ಹಾಗೆ. ಇದರ ಬುಡದಲ್ಲಿ ಇನ್ನೊಂದು ತಪ್ಪು ಕಲ್ಪನೆ ಇದೆ. ತಮಾಷೆಯೆಲ್ಲ ಚಿತ್ರದಲ್ಲೇ ಇದೆ, ಸದ್ದು ಬರೀ ಅಲಂಕಾರ ಅನ್ನುವುದು ಅದು. ನನಗೆ ತಾಳ್ಮೆ ತಪ್ಪುವುದು ಇಲ್ಲೇ. ಕಣ್ಣು ಏನು ಕಂಡಿತು ಎಂಬುದನ್ನೇ ಸದ್ದು ಬದಲಿಸಬಲ್ಲದು. ಇದಕ್ಕೆ ಪುರಾವೆ ಸಿಕ್ಕಿ ಕಾಲು ಶತಮಾನವೇ ದಾಟಿದೆ.

1997ರಲ್ಲಿ ರಾಬರ್ಟ್ ಸೆಕ್ಯುಲರ್, ಆಲಿಸನ್ ಸೆಕ್ಯುಲರ್ ಮತ್ತು ರೆನೀ ಲೌ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ವರದಿ ಬರೆದರು. ಪ್ರಯೋಗ ಎಷ್ಟು ಸರಳವೆಂದರೆ ಮನೆಯ ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು. ಪರದೆಯ ಎಡಗಡೆಯಿಂದ ಒಂದು ಬಿಲ್ಲೆ, ಬಲಗಡೆಯಿಂದ ಅಂಥದ್ದೇ ಇನ್ನೊಂದು ಎದುರುಬದುರಾಗಿ ಬರುತ್ತವೆ. ನಡುವೆ ಒಂದರ ಮೇಲೊಂದು ಕೂತು, ಮತ್ತೆ ಬೇರೆಯಾಗಿ ಅಂಚಿಗೆ ಹೋಗುತ್ತವೆ. ಸದ್ದಿಲ್ಲದೆ ತೋರಿಸಿದರೆ ಹೆಚ್ಚಿನವರು ‘ಒಂದನ್ನೊಂದು ಹಾದು ಹೋದವು’ ಅನ್ನುತ್ತಾರೆ. ಈಗ ಚಿತ್ರವನ್ನು ಮುಟ್ಟಬೇಡಿ. ಎರಡೂ ಸೇರುವ ಗಳಿಗೆಗೆ ‘ಟಿಕ್’ ಎಂಬ ಸಣ್ಣ ಸದ್ದೊಂದನ್ನು ಸೇರಿಸಿ. ‘ಡಿಕ್ಕಿ ಹೊಡೆದುಕೊಂಡು ಬಂದ ದಾರಿಗೇ ವಾಪಸಾದವು’ ಅನ್ನುವವರು ಹೆಚ್ಚುತ್ತಾರೆ. ಆ ಟಿಕ್ಕನ್ನು ಸೇರುವ ಗಳಿಗೆಯಿಂದ ಸಾಕಷ್ಟು ಮೊದಲಿಗೋ ಆಮೇಲಕ್ಕೋ ಸರಿಸಿದರೆ ಡಿಕ್ಕಿಯೂ ಮಾಯವಾಗುತ್ತ ಹೋಗುತ್ತದೆ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬ ಗಾದೆಯನ್ನು ಇದಕ್ಕಿಂತ ಅಗ್ಗದಲ್ಲಿ ಸಾಬೀತುಮಾಡಲು ಸಾಧ್ಯವಿಲ್ಲ.

ಅಣ್ಣ ತಮ್ಮನ ತಲೆಗೆ ಮೊಟಕುವ ರೀಲ್ ನೆನಪಿಸಿಕೊಳ್ಳಿ. ಬೆರಳು ಕೂದಲಿಗೆ ತಾಗಿದೆಯೋ ಇಲ್ಲವೋ. ಮ್ಯೂಟ್ ಮಾಡಿದರೆ ಅದು ಗಾಳಿಯಲ್ಲಿ ಕೈ ಬೀಸಿದಷ್ಟೇ. ಟಪ್ ಎಂದೊಡನೆ ಏಟು ಬಿತ್ತು. ಅದೂ ಹೇಗೆ? ಕೆರದ ಸದ್ದು ಹಾಕಿದರೆ ಕೆರದ ಏಟು, ಪಾತ್ರೆಯ ಸದ್ದು ಹಾಕಿದರೆ ಟೊಳ್ಳು ತಲೆ. ಬೆರಳಿಗೂ ಪಾತ್ರೆಗೂ ಸಂಬಂಧವಿಲ್ಲವೆಂದು ನಮಗೆ ಗೊತ್ತು, ಆದರೂ ಎರಡೂ ಒಂದೇ ಘಟನೆಯಾಗಿ ಬೆಸೆದುಕೊಳ್ಳುತ್ತವೆ. ಗೊತ್ತಿರುವುದಕ್ಕೂ ಕಾಣುವುದಕ್ಕೂ ನಡುವಿನ ಈ ಜಗಳದಲ್ಲೇ ನಗು ಹುಟ್ಟುತ್ತದೆ ಅನ್ನುವುದು ನನ್ನ ಅನಿಸಿಕೆ.

ಬೆಸುಗೆಯ ವಿಷಯದಲ್ಲಿ ಮಿದುಳು ಕಿವಿಯ ಮಾತನ್ನು ಅಷ್ಟೊಂದು ನಂಬುವುದೇಕೆ? ಕಾಲದ ಲೆಕ್ಕದಲ್ಲಿ ಕಣ್ಣು ಬಲು ಸೋಮಾರಿ. ಸೆಕೆಂಡಿಗೆ 24 ಚಿತ್ರ ತೋರಿಸಿದರೆ ಅದು ಓಡುವ ಸಿನಿಮಾ ಎಂದು ಒಪ್ಪಿಕೊಂಡುಬಿಡುತ್ತದೆ. ಸೆಕೆಂಡಿಗೆ 24 ಟಿಕ್ ಕೇಳಿಸಿ ನೋಡಿ, ಕಿವಿ ಒಪ್ಪುವುದಿಲ್ಲ. ಅದಕ್ಕೆ ಬಿಡಿಬಿಡಿಯಾದ ಪಟಪಟ ಕೇಳುತ್ತಲೇ ಇರುತ್ತದೆ. ಸದ್ದಿನ ನಡುವೆ ಎರಡು ಮೂರು ಮಿಲಿಸೆಕೆಂಡಿನ ಬಿರುಕನ್ನೂ ಅದು ಹಿಡಿಯಬಲ್ಲದು. ಹಾಗಾಗಿ ‘ಯಾವಾಗ’ ಎಂಬ ಪ್ರಶ್ನೆ ಕಿವಿಯ ಪಾಲಿಗೆ, ‘ಎಲ್ಲಿ’ ಎಂಬುದು ಕಣ್ಣಿನ ಪಾಲಿಗೆ. ಫೋನಿನ ಸ್ಪೀಕರ್ ಇರುವುದು ಕೆಳ ಅಂಚಿನಲ್ಲಿ, ಮಾತು ಮಾತ್ರ ಪರದೆಯ ನಡುವಿನ ಬಾಯಿಂದಲೇ ಬಂದಂತೆ ಕೇಳುವುದು ಈ ಎರಡನೆಯ ಹಂಚಿಕೆಯಿಂದ. 2000ದಲ್ಲಿ ಲಡನ್ ಶಮ್ಸ್ ಮತ್ತು ಸಂಗಡಿಗರು ಇನ್ನೂ ಮುಂದೆ ಹೋದರು. ಒಂದೇ ಸಲ ಬೆಳಕು ಮಿನುಗಿಸಿ ಎರಡು ಸಲ ಬೀಪ್ ಕೇಳಿಸಿದಾಗ, ನೋಡಿದವರಿಗೆ ಬೆಳಕೂ ಎರಡು ಸಲ ಮಿನುಗಿದಂತೆ ಕಂಡಿತು.

ಪ್ರಯೋಗಾಲಯಕ್ಕೆ ತಡವಾಗಿ ಗೊತ್ತಾದದ್ದು ರಂಗದ ಮೇಲಿನವರಿಗೆ ಬಹಳ ಮುಂಚೆಯೇ ಗೊತ್ತಿತ್ತು. ಇಟಲಿಯ ಕೊಮೆಡಿಯಾ ದೆಲಾರ್ತೆ ನಾಟಕಗಳ ವಿದೂಷಕ ಎರಡು ಮರದ ಪಟ್ಟಿ ಜೋಡಿಸಿದ ಕೋಲನ್ನು ಹಿಡಿದಿರುತ್ತಿದ್ದ. ಬೆನ್ನಿಗೆ ಮೆಲ್ಲಗೆ ತಾಗಿಸಿದರೂ ಪಟ್ಟಿಗಳು ಒಂದಕ್ಕೊಂದು ಬಡಿದು ಛಟೀರ್ ಎನ್ನುತ್ತಿತ್ತು. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರ ಎಡವುವ ಹೊತ್ತಿಗೆ ಸರಿಯಾಗಿ ಚಂಡೆಯ ಪೆಟ್ಟು ಬೀಳದಿದ್ದರೆ ಆ ಎಡವು ಸಭೆಗೆ ಮುಟ್ಟುವುದಿಲ್ಲ. ಕಂಪನಿ ನಾಟಕದವರು ಇವತ್ತು ಅದೇ ಕೆಲಸಕ್ಕೆ ರಿದಂ ಪ್ಯಾಡ್ ಇಟ್ಟುಕೊಂಡಿದ್ದಾರೆ. 1928ರ ‘ಸ್ಟೀಮ್‌ಬೋಟ್ ವಿಲ್ಲಿ’ ಕಾರ್ಟೂನಿಗೆ ಧ್ವನಿ ಮುದ್ರಿಸುವಾಗ, ವಾದ್ಯದವರು ಲಯ ತಪ್ಪಬಾರದೆಂದು ಫಿಲ್ಮಿನ ಮೇಲೆಯೇ ಪುಟಿಯುವ ಚೆಂಡೊಂದನ್ನು ಗುರುತಾಗಿ ಹಾಕಿದ್ದರು. ಇವರೆಲ್ಲ ತಲೆಕೆಡಿಸಿಕೊಂಡದ್ದು ಗಳಿಗೆಯ ಬಗ್ಗೆ.

ಗಳಿಗೆ ತಪ್ಪಲು ಎಷ್ಟು ಸಲುಗೆ ಇದೆ? ಟಿವಿ ಪ್ರಸಾರಕ್ಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುವ ಲೆಕ್ಕ ಹೀಗಿದೆ: ಸದ್ದು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಸಾಕು, ಜನರಿಗೆ ಗೊತ್ತಾಗುತ್ತದೆ. ಹಿಂದಾದರೆ ಸುಮಾರು 125ರವರೆಗೂ ಗೊತ್ತಾಗುವುದಿಲ್ಲ. ಈ ಪಕ್ಷಪಾತ ಸಹಜವೇ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ, ಆದ್ದರಿಂದ ಹೊಳೆಯ ಆಚೆ ದಡದಲ್ಲಿ ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಸದ್ದೇ ಮೊದಲು ಬಂದು ಬಟ್ಟೆ ಆಮೇಲೆ ಬಿದ್ದದ್ದನ್ನು ಯಾರೂ ಕಂಡಿಲ್ಲ.

ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡ್. ಎಫೆಕ್ಟನ್ನು ಏಟಿಗಿಂತ ಎರಡು ಫ್ರೇಮ್ ಮೊದಲೇ ಇಟ್ಟಿರೋ, ಕೆಟ್ಟಿತು. ಈ ತಪ್ಪು ನುಸುಳಲು ಒಂದು ಕಳ್ಳ ದಾರಿಯೂ ಇದೆ. ಬ್ಲೂಟೂತ್ ಇಯರ್‌ಫೋನಿನಲ್ಲಿ ಸದ್ದು ಎಷ್ಟೋ ಸಲ 100 ಮಿಲಿಸೆಕೆಂಡಿಗೂ ಹೆಚ್ಚು ತಡವಾಗಿ ಕೇಳುತ್ತದೆ. ಅದನ್ನು ಹಾಕಿಕೊಂಡು ಕಿವಿಯ ಅಂದಾಜಿನಲ್ಲಿ ಎಡಿಟ್ ಮಾಡುವವರು ‘ತಡವಾಯಿತಲ್ಲ’ ಎಂದು ಎಫೆಕ್ಟನ್ನು ಹಿಂದಿನ ಫ್ರೇಮುಗಳಿಗೆ ಎಳೆಯುತ್ತಾರೆ. ನೋಡುವವರ ಫೋನಿನಲ್ಲಿ ಏಟಿಗಿಂತ ಮೊದಲೇ ಟಪ್. ತಂತಿಯ ಇಯರ್‌ಫೋನ್ ಇದ್ದರೆ ಈ ತಂಟೆಯೇ ಇಲ್ಲ.

ಇನ್ನು ಆ ಪ್ರಸಿದ್ಧ ‘ವೈನ್ ಬೂಮ್’, ರೀಲ್ಸ್‌ನಲ್ಲಿ ಗುದ್ದಿದಂತೆ ಬರುವ ತಗ್ಗಿನ ಸದ್ದು. 2013ರಿಂದ 2017ರವರೆಗೆ ಬದುಕಿದ್ದ, ಆರು ಸೆಕೆಂಡಿನ ವಿಡಿಯೊಗಳ ವೈನ್ ಆ್ಯಪಿನ ಹೆಸರು ಹೊತ್ತ ಸದ್ದದು. ಫೋನಿನ ಸ್ಪೀಕರ್ ಉಗುರಿನಷ್ಟಗಲ, ಅಷ್ಟು ತಗ್ಗಿನ ಸದ್ದನ್ನು ಅದು ಹೊರಡಿಸುವುದೇ ಇಲ್ಲ. ಮತ್ತೆ ನಾವು ಕೇಳುವುದೇನು? ಈ ಪ್ರಶ್ನೆಗೆ 1840ರ ದಶಕದಲ್ಲೇ ಜರ್ಮನಿಯಲ್ಲಿ ಜಗಳವಾಗಿತ್ತು. ಸೈರನ್ನಿನಿಂದ ಪ್ರಯೋಗ ಮಾಡಿದ ಆಗಸ್ಟ್ ಸೀಬೆಕ್, ಸದ್ದಿನ ಅತಿ ತಗ್ಗಿನ ಮೂಲ ಸ್ವರ ಬಹುತೇಕ ಇಲ್ಲದಿದ್ದರೂ ಕಿವಿಗೆ ಅದೇ ಶ್ರುತಿ ಕೇಳುತ್ತದೆ ಎಂದ. ಇಲ್ಲದ್ದು ಕೇಳುವುದು ಹೇಗೆ ಎಂದು ವಾದಕ್ಕಿಳಿದವನು ಜಾರ್ಜ್ ಓಮ್, ಹೌದು, ಹೈಸ್ಕೂಲಿನಲ್ಲಿ ನಾವು ಉರು ಹೊಡೆದ ವಿದ್ಯುತ್ ನಿಯಮದವನೇ. ದೊಡ್ಡ ಹೆಸರಿನ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಓಮ್‌ನ ಪಕ್ಷ ಹಿಡಿದದ್ದರಿಂದ ಸೀಬೆಕ್‌ನ ಮಾತು ದಶಕಗಟ್ಟಲೆ ಮೂಲೆ ಸೇರಿತು. ಆದರೆ ಸರಿಯಿದ್ದವನು ಸೀಬೆಕ್. ಹಳೆಯ ದೂರವಾಣಿ 300 ಹರ್ಟ್ಸ್‌ಗಿಂತ (ಸೆಕೆಂಡಿಗೆ 300 ಕಂಪನ) ಕೆಳಗಿನದನ್ನು ಕತ್ತರಿಸುತ್ತಿತ್ತು, ಗಂಡಸರ ದನಿಯ ಮೂಲವೋ 100ರ ಆಸುಪಾಸು. ಆದರೂ ಫೋನಿನಲ್ಲಿ ಅಪ್ಪನ ದನಿ ಅಪ್ಪನದೇ ಆಗಿತ್ತು. 240, 320, 400 ಹರ್ಟ್ಸ್ ಒಟ್ಟಿಗೆ ಕೇಳಿಸಿದರೆ ಮಿದುಳು ಅವೆಲ್ಲಕ್ಕೂ ಮೂಲವಾದ 80ನ್ನು ತಾನೇ ತುಂಬಿಕೊಳ್ಳುತ್ತದೆ.

ಸ್ಟುಡಿಯೊದಲ್ಲಿ ಶುದ್ಧವಾಗಿ ಮಾಡಿದ 80 ಹರ್ಟ್ಸ್‌ನ ಬೂಮ್ ಫೋನಿನಲ್ಲಿ ಹೆಚ್ಚುಕಡಿಮೆ ಮೌನ, ವಾಲ್ಯೂಮ್ ಎಷ್ಟೇ ಏರಿಸಿ. ಅದನ್ನೇ ತುಸು ಒಡೆದ ಸದ್ದಾಗುವಂತೆ ಕೆಡಿಸಿದರೆ 160, 240, 320 ಎಂದು ಮೇಲಿನ ಗುಣಕಗಳು ಹುಟ್ಟಿಕೊಳ್ಳುತ್ತವೆ, ಸ್ಪೀಕರಿಗೆ ನಿಲುಕುವಷ್ಟನ್ನು ಅದು ನುಡಿಸುತ್ತದೆ, ಉಳಿದದ್ದು ಕೇಳುವವರ ತಲೆಯೊಳಗೆ ತಯಾರಾಗುತ್ತದೆ. ಕರ್ಕಶವೆಂದು ಸೌಂಡ್ ಎಂಜಿನಿಯರುಗಳು ಮೂಗು ಮುರಿಯುವ ಬೂಮ್‌ಗಳೇ ಫೋನಿನಲ್ಲಿ ಚೆನ್ನಾಗಿ ಗುದ್ದುವುದು ಇದಕ್ಕೇ.