ಉಪದೇಶ ಮಾಡದ ಕೋರ್ಟ್ ಕಥೆಗಳು: ಕ್ರೈಸ್ತ ಲೀಗಲ್ ಥ್ರಿಲ್ಲರ್ ಎಲ್ಲಿಂದ ಬಂತು?

ಕ್ರೈಸ್ತ ಲೀಗಲ್ ಥ್ರಿಲ್ಲರ್ ಅಂದರೆ ವಕೀಲರು, ಕೇಸುಗಳ ಸುತ್ತ ಹೆಣೆದ, ಒಳಗೆ ಕ್ರೈಸ್ತ ನಂಬಿಕೆ ಇರುವ ರೋಚಕ ಕಾದಂಬರಿ. ಅಮೆರಿಕದಲ್ಲಿ ಕ್ರೈಸ್ತ ಪುಸ್ತಕಗಳದ್ದೇ ಒಂದು ಬೇರೆ ಮಾರುಕಟ್ಟೆ ಇದೆ. ಅಲ್ಲಿನ ಅಂಗಡಿಯವರು ಸಂಘ ಕಟ್ಟಿಕೊಂಡಿದ್ದು 1950ರಲ್ಲಿ. ಕಾದಂಬರಿಗೆ ಅಲ್ಲಿ ಜಾಗ ಸಿಕ್ಕಿದ್ದು ಮಾತ್ರ ತಡವಾಗಿ. 1979ರಲ್ಲಿ ಜಾನೆಟ್ ಓಕ್ ಅವರ ಮೊದಲ ಕಾದಂಬರಿ ಚೆನ್ನಾಗಿ ಓಡಿದ ಮೇಲೆ ಪ್ರಕಾಶಕರಿಗೆ ಧೈರ್ಯ ಬಂತು. 1986ರಲ್ಲಿ ಫ್ರಾಂಕ್ ಪೆರೆಟ್ಟಿ ಥ್ರಿಲ್ಲರ್ ಬರೆದರು. ಆದರೆ ಅದರಲ್ಲಿ ದೇವದೂತರು ಮತ್ತು ದೆವ್ವಗಳು ನೇರವಾಗಿ ಯುದ್ಧಕ್ಕೆ ಇಳಿಯುತ್ತಾರೆ, ನಂಬಿಕೆಯನ್ನು ಮೆಲ್ಲಗೆ ಹೇಳುವ ಪ್ರಶ್ನೆಯೇ ಇಲ್ಲ.

ಇತ್ತ ಸಾಮಾನ್ಯ ಓದುಗರ ಲೋಕದಲ್ಲಿ 1987ರಲ್ಲಿ ಸ್ಕಾಟ್ ಟುರೋ, 1991ರಲ್ಲಿ ಜಾನ್ ಗ್ರಿಶಮ್ ಕೋರ್ಟ್ ಕಥೆಗಳಿಗೆ ದೊಡ್ಡ ಗಿರಾಕಿ ಹುಟ್ಟಿಸಿದರು. ಇಬ್ಬರೂ ವಕೀಲರು. ಆಮೇಲೆ ಕ್ರೈಸ್ತ ಪ್ರಕಾಶನಕ್ಕೂ ವಕೀಲರೇ ಬಂದರು: ಜೇಮ್ಸ್ ಸ್ಕಾಟ್ ಬೆಲ್, ರಾಬರ್ಟ್ ವಿಟ್ಲೋ, ರ್‍ಯಾಂಡಿ ಸಿಂಗರ್. ಕ್ರೈಸ್ತ ಕಾದಂಬರಿಗಳಿಗೆ ಕೊಡುವ ಕ್ರಿಸ್ಟಿ ಪ್ರಶಸ್ತಿ 2000ರಲ್ಲಿ ಶುರುವಾಯಿತು.

ನನಗೆ ಜಾಸ್ತಿ ಇಷ್ಟವಾಗುವ ಉದಾಹರಣೆ ಮಾತ್ರ ಈ ಮಾರುಕಟ್ಟೆಯ ಹೊರಗಿನದು. 1999ರ ಗ್ರಿಶಮ್ ಕಾದಂಬರಿ 'ದಿ ಟೆಸ್ಟಮೆಂಟ್'. ಒಬ್ಬ ಶ್ರೀಮಂತ ಮುದುಕ ತನ್ನ 1,100 ಕೋಟಿ ಡಾಲರ್ ಆಸ್ತಿಯನ್ನು ಯಾರಿಗೂ ಗೊತ್ತಿಲ್ಲದ ಮಗಳಿಗೆ ಬರೆದಿಟ್ಟು ಸಾಯುತ್ತಾನೆ. ಆಕೆ ಬ್ರೆಜಿಲ್‌ನ ಪಂಟನಾಲ್ ಜೌಗು ಪ್ರದೇಶದಲ್ಲಿ ಮಿಷನರಿ. ಕುಡಿತದಿಂದ ಹಾಳಾಗಿ ಚಿಕಿತ್ಸೆ ಪಡೆಯುತ್ತಿದ್ದ ವಕೀಲನೊಬ್ಬ ಆಕೆಯನ್ನು ಹುಡುಕಿಕೊಂಡು ದೋಣಿಯಲ್ಲಿ ಹೋಗುತ್ತಾನೆ. ಆಕೆ ಹಣ ಬೇಡ ಅನ್ನುತ್ತಾಳೆ! ಆಕೆಯ ನಂಬಿಕೆ ಎಂಥದ್ದು ಅಂತ ಹೇಳಲು ಅದೊಂದೇ ಮಾತು ಸಾಕು, ಅಲ್ವಾ? ಇಡೀ ಕಥೆ ನಿಂತಿರುವುದೂ ಅದರ ಮೇಲೆಯೇ. ನಂಬಿಕೆ ಹೀಗೆ ಕಥೆಯ ಗಂಟಿನೊಳಗೇ ಇರಬೇಕು, ಸುಮ್ನೆ ಕೊನೆಯ ಅಧ್ಯಾಯದಲ್ಲಿ ಪ್ರಾರ್ಥನೆ ಸೇರಿಸಿದರೆ ಓದುಗರಿಗೆ ಕೂಡಲೇ ಗೊತ್ತಾಗುತ್ತದೆ.

ಕೋರ್ಟಿಗೂ ಚರ್ಚಿಗೂ ನಂಟು ಹಳೆಯದು. ಪ್ರಮಾಣ, ಸಾಕ್ಷಿ, ತಪ್ಪೊಪ್ಪಿಗೆ, ಕ್ಷಮೆ ಎಲ್ಲ ಎರಡು ಕಡೆಯೂ ಇವೆ. 1813ರಲ್ಲಿ ನ್ಯೂಯಾರ್ಕಿನಲ್ಲಿ ಆಂಟನಿ ಕೋಲ್ಮನ್ ಎಂಬ ಪಾದ್ರಿ ಕಳವಾದ ಮಾಲನ್ನು ಅದರ ಒಡೆಯನಿಗೆ ವಾಪಸ್ ಮುಟ್ಟಿಸಿದರು. ಯಾರು ತಂದುಕೊಟ್ಟರು ಅಂತ ಕೋರ್ಟ್ ಕೇಳಿತು. ಪಾಪನಿವೇದನೆಯಲ್ಲಿ (ಪಾದ್ರಿಯ ಮುಂದೆ ಗುಟ್ಟಾಗಿ ತಪ್ಪು ಒಪ್ಪಿಕೊಳ್ಳುವಾಗ) ಕೇಳಿದ್ದನ್ನು ಹೇಳುವುದಿಲ್ಲ ಅಂತ ಅವರು ಗಟ್ಟಿಯಾಗಿ ನಿಂತರು. ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. 1828ರಲ್ಲಿ ಆ ರಾಜ್ಯ ಅದನ್ನೇ ಕಾನೂನು ಮಾಡಿತು.